ತಿರುಗಿಸಿ ತೊಟ್ಟ ಅಂಗಿಯ ಅಧಿಕೃತ ಉತ್ತರ

ಮಕ್ಕಳು ಎಲ್ಲರಂತೆ ಇರಬೇಕಾಗಿಲ್ಲ ಎಂಬುದನ್ನು ಎಲ್ಲ ಮಕ್ಕಳೂ ಒಂದೇ ರೀತಿಯಲ್ಲಿ ಕಲಿಯತಕ್ಕದ್ದು ಎಂದು ಶಾಲಾ ಸಮಿತಿ ಸರ್ವಾನುಮತದಿಂದ ತೀರ್ಮಾನಿಸಿತು. ಅದಕ್ಕೆಂದೇ ಐದನೇ ತರಗತಿಗೆ ಒಂದು ಪದ್ಯ ಇಡಲಾಯಿತು:

ಸಾಲಿನ ತುಂಬಾ ನೆಟ್ಟನೆ ಅಂಗಿ,
ತಿರುಗಿಸಿ ತೊಟ್ಟಳು ನನ್ನಯ ತಂಗಿ.

ಈ ತಂಗಿ ಬೇರೆ ಯಾರೂ ಅಲ್ಲ, ಸ್ಕೂಲಿನ ಎದುರು ಬೀದಿಯ ಟೈಲರಜ್ಜಿ. ಬರೆದವನು ಅವಳ ಅಣ್ಣ. ಪಾಪ, ಬದುಕಿದ್ದಷ್ಟು ದಿನ ಯಾರೂ ಓದದ ಕವಿ, ಸತ್ತು ಹತ್ತು ವರ್ಷಕ್ಕೆ ಕಡ್ಡಾಯವಾಗಿದ್ದ.

ಅಜ್ಜಿಯ ಮೊಮ್ಮಗಳು ಪುಟ್ಟಿಯೂ ಐದನೇ ತರಗತಿಯೇ. ವಾರ್ಷಿಕ ಪರೀಕ್ಷೆಯಲ್ಲಿ, ‘ತಂಗಿ ಅಂಗಿಯನ್ನು ತಿರುಗಿಸಿ ತೊಟ್ಟಿದ್ದೇಕೆ?’ ಎಂಬ ಪ್ರಶ್ನೆ ಬಂತು. ಪುಟ್ಟಿ, ‘ಕತ್ತಿನ ಹೊಲಿಗೆ ಚುಚ್ಚುತ್ತಿತ್ತು’ ಎಂದು ಬರೆದಳು. ಹತ್ತಕ್ಕೆ ಸೊನ್ನೆ. ಜೊತೆಗೆ, ಮಗುವನ್ನು ಮುಂದಿನ ತರಗತಿಗೆ ಕಳಿಸಲಾಗದು ಎಂಬ ಚೀಟಿ.

ಅಜ್ಜಿ ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಹೆಡ್‌ಮಾಸ್ಟರ ಕೋಣೆಗೆ ಹೋದಳು.

“ಸಾರ್, ಮಗು ಬರೆದದ್ದು ಸರಿ ಇದೆ. ಆ ತಂಗಿ ನಾನೇ.”

ಹೆಡ್‌ಮಾಸ್ಟರು ಗೈಡು ತೆರೆದರು. “ಸಮಾಜದ ಕಟ್ಟುಪಾಡುಗಳನ್ನು ಧಿಕ್ಕರಿಸಿ ತನ್ನತನ ಮೆರೆಯಲು, ಅಂತ ಇದೆಯಲ್ಲಮ್ಮ. ನೀವು ಧಿಕ್ಕರಿಸಿದ್ದು ನಿಮಗೇ ಮರೆತುಹೋಯ್ತೇ?”

“ನನಗಾಗ ಏಳು ವರ್ಷ. ಯಾರೋ ಪುಣ್ಯಾತ್ಮ ಅಂಚು ಮಡಿಸದೆ ಹೊಲಿದಿದ್ದ. ಕತ್ತೆಲ್ಲ ಕೆಂಪಗಾಗಿತ್ತು, ಅದಕ್ಕೇ ಹೊಲಿಗೆ ಹೊರಗೆ ಬರೋ ಹಾಗೆ ತಿರುಗಿಸಿ ತೊಟ್ಟೆ. ಆ ಸಿಟ್ಟಿಗೇ ನಾನು ಹೊಲಿಗೆ ಕಲಿತಿದ್ದು.”

“ಸಿಟ್ಟು ಗೈಡಲ್ಲಿಲ್ಲ,” ಎಂದರು ಪಕ್ಕದಲ್ಲಿದ್ದ ಟೀಚರು, ನೊಂದುಕೊಂಡೇ.

“ನಾನು ತೊಟ್ಟ ಅಂಗಿ ನನಗೆ ಗೊತ್ತಿಲ್ವೇನಮ್ಮ?”

“ಇರಬಹುದು,” ಎಂದರು ಹೆಡ್‌ಮಾಸ್ಟರು. “ಆದರೆ ತಂಗಿ ನೀವೇ ಅಂತ ಸಾಬೀತಾಗಬೇಕಾದರೆ ಈ ಪ್ರಶ್ನೆಯಲ್ಲಿ ಪಾಸಾಗಬೇಕು. ನಿಯಮ.”

ಅಜ್ಜಿ ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತು ಬರೆದಳು. ಸೊನ್ನೆ. ‘ಪದ್ಯದ ತಂಗಿಗೂ ಸದರಿಯವರಿಗೂ ಯಾವುದೇ ಸಂಬಂಧ ಕಂಡುಬಂದಿಲ್ಲ’ ಎಂದು ಮೊಹರು ಒತ್ತಿದ ಪತ್ರ ಕೊಟ್ಟು ಕಳಿಸಿದರು.

ಬಾಗಿಲವರೆಗೂ ಬಂದ ಟೀಚರು ಮೆಲ್ಲಗೆ ಹೇಳಿದರು: “ಮರುಪರೀಕ್ಷೆ ಇದೆ ಅಜ್ಜಿ. ತನ್ನತನದ ಬಗ್ಗೆ ಎಲ್ಲರೂ ಬರೆದ ಹಾಗೇ ಬರೆಯೋಕೆ ಹೇಳಿ, ಸಾಕು.”

ಮೊಮ್ಮಗಳ ಒಂದು ವರ್ಷ ಹಾಳಾಗುವುದೆಂದರೇನು? ಅಜ್ಜಿ ಮಿಷನ್ ತುಳಿಯುತ್ತಲೇ ಗೈಡಿನ ಉತ್ತರ ಉರು ಹೊಡೆಸಿದಳು.

“ಇದು ಸುಳ್ಳಲ್ವಾ ಅಜ್ಜಿ?”

“ಸುಳ್ಳಲ್ಲ ಕಣೇ, ಉತ್ತರ.”

ಪುಟ್ಟಿಗೆ ಹತ್ತಕ್ಕೆ ಹತ್ತು ಬಂತು.

ಸಮಿತಿಗೆ ಹುರುಪು ಹೆಚ್ಚಿ ಸುತ್ತೋಲೆ ಹೊರಟಿತು: ‘ತನ್ನತನ ದಿನಾಚರಣೆಯಂದು ಎಲ್ಲ ಮಕ್ಕಳೂ ಅಂಗಿಯನ್ನು ತಿರುಗಿಸಿ ತೊಡತಕ್ಕದ್ದು. ನೆಟ್ಟಗೆ ತೊಟ್ಟವರಿಗೆ ಗೇಟಿನೊಳಗೆ ಪ್ರವೇಶವಿಲ್ಲ.’

ತಾಯಂದಿರು ಅಂಗಿಗಳ ರಾಶಿ ಹೊತ್ತು ಅಜ್ಜಿಯ ಅಂಗಡಿಗೆ ಬಂದರು. ಉಲ್ಟಾ ತೊಟ್ಟರೂ ಮಗು ನಾಲ್ಕು ಜನರ ಮುಂದೆ ನೀಟಾಗಿ ಕಾಣಬೇಡವೇ? ಕಾಲರು ಬಿಚ್ಚಿ ತಿರುಗಿಸಿ, ಹೊಲಿಗೆಯೆಲ್ಲ ಒಳಕ್ಕೆ ಹಾಕಬೇಕು. ಅದೂ ನಾಳೆ ಬೆಳಗ್ಗೆಯೊಳಗೆ. ಅಂಚು ಮಡಿಸಲು ಅಜ್ಜಿಗೆ ಪುರುಸೊತ್ತಾದರೂ ಎಲ್ಲಿ?

ಮರುದಿನ ಮುನ್ನೂರು ಮಕ್ಕಳು ಗೆರೆ ಎಳೆದ ಹಾಗೆ ಸಾಲಾಗಿ ನಿಂತು ಪದ್ಯ ಹಾಡಿದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮುನ್ನೂರು ಕೈಗಳು ಕತ್ತಿಗೆ ಹೋದವು.

“ಅಜ್ಜಿ, ಚುಚ್ತಿದೆ,” ಎಂದಳು ಗೇಟಿನ ಪಕ್ಕದಲ್ಲೇ ನಿಂತಿದ್ದ ಪುಟ್ಟಿ.

ಗೇಟಿನಾಚೆ ಅಜ್ಜಿ ಒಂದು ಕ್ಷಣ ತನ್ನ ಕತ್ತು ಮುಟ್ಟಿಕೊಂಡಳು. “ತಡ್ಕೋ ಪುಟ್ಟಿ. ಅದು ಹೊಲಿಗೆ ಅಲ್ಲ, ತನ್ನತನ.”

ವೇದಿಕೆಯ ಮೇಲೆ ಹೆಡ್‌ಮಾಸ್ಟರು ಹುಬ್ಬೇರಿಸಿದರು. “ಏನ್ರೀ ಟೀಚರ್, ಮಕ್ಕಳು ಕತ್ತು ಕೆರ್ಕೋತಿದಾರೆ?”

“ಹೌದು ಸಾರ್.”

“ಎಲ್ಲರೂನಾ?”

“ಎಲ್ಲರೂ ಸಾರ್.”

“ಹಾಗಾದ್ರೆ ಸರಿ,” ಎಂದು ಅವರು ನೆಮ್ಮದಿಯಿಂದ ಚಪ್ಪಾಳೆ ತಟ್ಟಿದರು.