ಕಾರಿನ ಹಿಂಬದಿ ತಗ್ಗಿದ್ದು

ಹಾಲೇಶನ ಕಾರು ಹಿಂದೆ ತಗ್ಗಿದೆ ಎಂದು ಮೊದಲು ಕಂಡುಹಿಡಿದವರು ಶಿವಮೊಗ್ಗದ ರವೀಂದ್ರನಗರದಲ್ಲಿ ಅವನ ಪಕ್ಕದ ಮನೆಯ ಜಂಬಣ್ಣ. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ಇನ್ನೊಂದು ಕೈಯ ಬೆರಳುಗಳನ್ನು ಚಕ್ರದ ಮೇಲಿನ ಸಂದಿಗೆ ತೂರಿಸಿ ನೋಡಿದರು.

"ಮುಂದೆ ನಾಲ್ಕು ಬೆರಳು, ಹಿಂದೆ ಎರಡೇ. ಸ್ಪ್ರಿಂಗ್ ಹೋಗಿದೆ ಮಾರಾಯ, ಒಂದು ತಿಂಗಳಿಂದ ನನ್ನ ಸೊಂಟ ಹೋದ ಹಾಗೆ!"

ಹಾಲೇಶ ತಾನೂ ಬೆರಳು ತೂರಿಸಿ ನೋಡಿದ. ಕಾರು ಭದ್ರಾವತಿಯ ಕಾಗದನಗರದಲ್ಲಿರುವ ಮಾವ ಪುಟ್ಟಯ್ಯನವರದು. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದ ಅವರು ಗುಳ್ಳೆಯಿಂದ ಮಟ್ಟ ತೋರಿಸುವ ರಸಮಟ್ಟ ಇಟ್ಟು ನೋಡದೆ ಊಟದ ಮೇಜನ್ನೂ ನಂಬುವವರಲ್ಲ. "ಚೆನ್ನಾಗಿ ನೋಡ್ಕೊಂಡ್ರೆ ಕಾರು ನಿಮ್ಗೆ. ಇಲ್ದಿದ್ರೆ ನಮ್ ಚಿಕ್ಕ ಮಗ್ಳು ಇಂಪನಾನ ಮದುವೆ ಆಗೋ ಚಂದ್ರಹಾಸಂಗೆ" ಎಂದು ಹೇಳಿ ಓಡಿಸಲು ಕೊಟ್ಟಿದ್ದರು. ತಪಾಸಣೆ ಇವತ್ತೇ ಸಂಜೆ.

ಗ್ಯಾರೇಜಿನ ಸಿದ್ದಯ್ಯ ಕೇಳಿದ: "ಡಿಕ್ಕೀಲಿ ಏನಾದ್ರೂ ಭಾರ ಇದ್ಯಾ ಸಾರ್?"

"ಎಂಥದ್ದೂ ಇಲ್ಲ. ಅದನ್ನ ತೆಗೆದು ಎಷ್ಟು ತಿಂಗಳಾಯ್ತೋ!"

ಹಳೆಯದಕ್ಕಿಂತ ಗಟ್ಟಿಯಾದ ಹೊಸ ಸ್ಪ್ರಿಂಗ್ ಬಿತ್ತು. ಕಾರು ಸಮವಾಗಿ ನಿಂತಿತು. ಭದ್ರಾವತಿಯ ದಾರಿಯುದ್ದಕ್ಕೂ ಹಾಲೇಶನಿಗೆ ಒಂದೇ ಯೋಚನೆ. ಮದುವೆಯಾಗಿ ಎಂಟು ವರ್ಷವಾದರೂ ಮಾವನ ಬಾಯಿಂದ ಒಂದು 'ಪರವಾಗಿಲ್ಲ' ಬಂದಿರಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ಕಾರಿಗಿಂತ ಅದೇ ಬೇಕಾಗಿತ್ತು.

ಪುಟ್ಟಯ್ಯನವರು ಬಾಗಿಲು ತೆಗೆದು ಕಾರಿನ ಹೊಸ್ತಿಲ ಮೇಲೆ ರಸಮಟ್ಟ ಇಟ್ಟರು. ಗುಳ್ಳೆ ನಟ್ಟನಡುವೆ ನಿಂತಿತು.

"ಪರವಾಗಿಲ್ಲ ಅಳಿಯಂದ್ರೇ."

ಹಾಲೇಶನ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಅತ್ತೆ ಈಶ್ವರಮ್ಮ ಹೊರಬಂದರು.

"ಡಿಕ್ಕಿ ತೆಗೀರಿ ಅಳಿಯಂದ್ರೇ. ಮದುವೆಗೆ ಅರಿಶಿಣ ಕುಟ್ಟೋಕೆ ನಿಮ್ಮನೇಲಿದ್ದ ನಮ್ ಒರಳುಕಲ್ಲು ಬೇಕು. 'ಹೋದ ತಿಂಗಳೇ ಕಾರಲ್ಲಿ ಇಡ್ಸಿದೀನಿ, ಅವ್ರಿಗೂ ಹೇಳಿದೀನಿ, ಹೂಂ ಅಂದಿದಾರೆ' ಅಂದ್ಲು ಸಮತಾ."

ಮೊಬೈಲಿನಿಂದ ತಲೆಯೆತ್ತದೆ ಹೆಂಡತಿ ಸಮತಾಳ ಮಾತಿಗೆಲ್ಲ 'ಹೂಂ' ಎನ್ನುವುದು ಹಾಲೇಶನ ಹಳೆಯ ಅಭ್ಯಾಸ.

ಡಿಕ್ಕಿಯಲ್ಲಿ ಮೇಲೆ ಮುಚ್ಚಿದ್ದ ಗೋಣಿಚೀಲ ಸರಿಸಿ ನಾಲ್ಕು ಜನ ಕಲ್ಲನ್ನು ಇಳಿಸಿದರು. ಕಾರು ಹಾಲು ಕುಡಿಯುವ ಕರುವಿನ ಹಾಗೆ ಹಿಂಬದಿ ಎತ್ತಿ, ಮೂತಿ ತಗ್ಗಿಸಿ ನಿಂತಿತು. ಪುಟ್ಟಯ್ಯನವರು ಮತ್ತೆ ರಸಮಟ್ಟ ಇಟ್ಟರು. ಗುಳ್ಳೆ ಹಿಂದಕ್ಕೆ ಓಡಿತು.

"ಕಾಯಿಲೆ ಏನು ಅಂತ ನೋಡ್ದೇನೇ ಔಷಧಿ ಕುಡ್ಸಿದೀರಲ್ಲ" ಎಂದು ಬೇಸರದಿಂದ ಹೇಳಿ, ಕೀಗೆ ಕೈ ಚಾಚಿದರು.

ಶಿವಮೊಗ್ಗದ ಬಸ್ಸಿನಲ್ಲಿ ನಿಂತಿದ್ದಾಗ ಜಂಬಣ್ಣನ ಫೋನು ಬಂತು. ಹಾಲೇಶ ನಡೆದದ್ದನ್ನೆಲ್ಲ ಹೇಳಿದ.

"ಅಯ್ಯೋ, ಆ ಒರಳುಕಲ್ಲಾ? ಇನ್ನೂ ಮೂರು ಜನರನ್ನ ಸೇರಿಸ್ಕೊಂಡು ಸಮತಾಗೆ ಅದನ್ನ ಎತ್ತಿ ಇಟ್ಕೊಟ್ಟೋನು ನಾನೇ ಮಾರಾಯ! ಅವತ್ತಿಂದಾನೇ ನೋಡು, ಈ ಸೊಂಟ ಹೋಗಿದ್ದು."

ಹಾಲೇಶ "ಹೂಂ" ಎಂದ.