ಜಾಣಮರಿಗೆ ಹೆಸರು ಹೇಳುವವರು ಯಾರು?

ಬೆಳಿಗ್ಗೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಮಾನ್ವಿಯ ಶಿವರಾಜ ಮಾಸ್ತರರು ಪಡಸಾಲೆಯಲ್ಲಿ ನಿಂತು ಒಂದು ಟ್ಯಾಬ್ಲೆಟ್ಟಿಗೆ ತಮ್ಮ ಮನೆಯವರನ್ನು ಪರಿಚಯ ಮಾಡಿಸುತ್ತಿದ್ದರು.

ಮಾಸ್ತರರದು ಬಿ.ಎಸ್ಸಿ., ಬಿ.ಇಡಿ.; ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ಅಂಚು ಸವರುವ ಮನುಷ್ಯ. ಆ ತಿಂಗಳ ಕೊನೆಗೆ ರಾಯಚೂರಿನಲ್ಲಿ ಶಿಕ್ಷಕರ ಪ್ರಾತ್ಯಕ್ಷಿಕೆ ಇತ್ತು. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ರೀತಿಯಲ್ಲಿ ಕಲಿಯುವ ಮಂದಿಗೆ ಒಂದೇ ಯಂತ್ರದಿಂದ ಕಲಿಸಿ ತೋರಿಸಿದವರು ಜಿಲ್ಲೆಗೇ ‘ಸಂಪನ್ಮೂಲ ವ್ಯಕ್ತಿ’ ಆಗುವವರಿದ್ದರು. ಆ ಪಟ್ಟಕ್ಕಾಗಿ ಮಾಸ್ತರರು ಎರಡು ವರ್ಷದಿಂದ ಬಾಯಿ ಬಿಟ್ಟುಕೊಂಡು ಕೂತಿದ್ದರು. ಪ್ರಯೋಗಕ್ಕೆ ಜೀವಿಗಳು ಮನೆಯಲ್ಲೇ ಲಭ್ಯ. ಅಕ್ಷರ ಬಾರದ ತಾಯಿ ವೀರಭದ್ರಮ್ಮ ಹಾಡು ಕೇಳಿದರೆ ಮರೆಯುವವರಲ್ಲ. ಇಂಗ್ಲಿಷ್ ಮಾತಾಡುವ ಆಸೆಯ ಹೆಂಡತಿ ಶಿವಗಂಗಾಳಿಗೆ ಕಣ್ಣಿಂದ ನೋಡಿದ್ದು ನಾಟುತ್ತಿತ್ತು. ಒಂದನೇ ತರಗತಿಯ ಮಗಳು ಕಾವ್ಯಾ ಕುಣಿಯದೆ ಏನನ್ನೂ ಕಲಿಯಳು.

ಯಂತ್ರದೊಳಗಿನ ಗುರುವಿನ ಹೆಸರು ‘ಜಾಣಮರಿ’. ಕಲಿಯುವವರು ಪೂರಾ ಹೆಸರನ್ನು ಗಟ್ಟಿಯಾಗಿ ಹೇಳಿದರೆ ಅವರವರ ಪಾಠ ತೆರೆಯುತ್ತಿತ್ತು. ಮಾಸ್ತರರು ಶಿಸ್ತಿನಿಂದ ಬರೆದರು: ವೀರಭದ್ರಮ್ಮ ವಿರೂಪಣ್ಣ. ಶಿವಗಂಗಾ ಶಿವರಾಜ. ಕಾವ್ಯಾ ಶಿವರಾಜ. ಮಾದರಿಗೆಂದು ತಮ್ಮದೂ ಒಂದು, ಬರೀ ಶಿವರಾಜ.

“ಯವ್ವಾ, ಹೆಸರು ಹೇಳು.”

“ವೀರಭದ್ರಮ್ಮ.”

“ಪೂರಾ ಹೇಳಬೇಕು ಬೇ.”

“ಹುಟ್ಟಿದಾಗಿಂದ ಇಷ್ಟ ಅದ. ಇನ್ನ ಎಲ್ಲಿಂದ ಪೂರಾ ಮಾಡ್ಲಿ?”

“ಮುಂದ ಅಪ್ಪನ ಹೆಸರು.”

ವೀರಭದ್ರಮ್ಮ ಮಗನನ್ನು ಹಾಲು ಒಡೆದಾಗ ಪಾತ್ರೆಯನ್ನು ನೋಡುವಂತೆ ನೋಡಿದರು. ಮದುವೆಯಾದಾಗಿನಿಂದ ಗಂಡನನ್ನು ‘ಇಕಾ ನೋಡ್ರಿ’ ಎಂದಷ್ಟೇ ಕರೆದ ಬಾಯಿ ಅದು. “ಗಂಡನ ಹೆಸರು ತಗೊಂಡು ಈ ಡಬ್ಬಿ ಮುಂದ ಒದರಬೇಕೇನು? ಆಯುಷ್ಯ ಕಡಿಮಿ ಆಗ್ತದ ಅವರ್ದು!”

“ಅದಕ್ಕ ವೈಜ್ಞಾನಿಕ ಆಧಾರ ಇಲ್ಲ ಬೇ.”

“ನೀ ಆಧಾರ ಹುಡುಕೂದ್ರಾಗ ಅವರು ಹೋದ್ರ?”

ಮಾಸ್ತರರು ಹೆಂಡತಿಯ ಕಡೆ ತಿರುಗಿದರು. ಶಿವಗಂಗಾ ಅತ್ತೆಯ ಮುಖ ನೋಡಿದಳು. “ಒಲಿ ಮ್ಯಾಲೆ ಪಲ್ಯ ಅದ ರೀ,” ಎಂದು ಒಳಗೆ ಹೋದಳು. (ಪಲ್ಯ ಇರಲಿಲ್ಲ.)

“ರೂಢಿ ಆಗ್ತದ,” ಎಂದುಕೊಂಡು ಮಾಸ್ತರರು ಶಾಲೆಗೆ ಹೋದರು. ಪ್ರಯೋಗ ನಡೆಯುವಾಗ ವೀಕ್ಷಕ ಇಣುಕಬಾರದೆಂಬುದು ಅವರ ತತ್ವ. ಹಾಗಾಗಿ ಮುಂದೆ ಅವರು ಯಂತ್ರಕ್ಕೆ ಚಾರ್ಜು ಹಾಕಿದರೇ ಹೊರತು ಒಳಗೆ ನೋಡಲಿಲ್ಲ.

ಮಾಸ್ತರರು ಹೋದ ಮೇಲೆ ದಾರಿ ತೋರಿಸಿದವಳು ಕಾವ್ಯಾ. ಅಪ್ಪನನ್ನು ಹೆಸರು ಹಿಡಿದು ಕರೆದರೆ ಮನೆಯಲ್ಲಿ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಯಂತ್ರದ ಮುಂದೆ ಕರೆದರೆ ಅದು “ಸುಸ್ವಾಗತ” ಅನ್ನುತ್ತಿತ್ತು. ಅವಳು ಸೊಂಟಕ್ಕೆ ಕೈಯಿಟ್ಟು, “ಲೇ ಶಿವರಾಜಾ!” ಎಂದು ಕೂಗಿದಳು. ಪಾಠ ತೆರೆಯಿತು. ಅಜ್ಜಿಯೂ ಕಲಿತರು, ಸೊಸೆಯೂ ಕಲಿತಳು, ಮೊಮ್ಮಗಳೂ ಕುಣಿದಳು. ಎಲ್ಲವೂ ಶಿವರಾಜನ ಲೆಕ್ಕಕ್ಕೆ. ಸಂಜೆ ಮಾಸ್ತರರು, “ಕಲಿಯಾಕತ್ತೀರಿಲ್ಲ?” ಎಂದರೆ, “ಹೂಂ, ಭಾಳ ಚೊಲೋ ಅದ,” ಎಂದು ಅತ್ತೆ ಸೊಸೆ ಎಂದೂ ಇಲ್ಲದ ಒಗ್ಗಟ್ಟಿನಿಂದ ಹೇಳುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ.

ರಾಯಚೂರಿನ ಸಭಾಂಗಣ ತುಂಬಿತ್ತು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಹರೆಯದ ಅಧಿಕಾರಿ ಮುಂದೆ ಕೂತಿದ್ದರು. ಮಾಸ್ತರರು “ಬಹುಸ್ತರ ಕಲಿಕಾ ಕ್ರಾಂತಿ” ಎಂದು ಘರ್ಜಿಸಿ ಜಾಣಮರಿಯ ವರದಿಯನ್ನು ದೊಡ್ಡ ಪರದೆಗೆ ಬಿಟ್ಟರು.

ವೀರಭದ್ರಮ್ಮ: ಪಾಠ ಶುರುವಾಗಿಲ್ಲ. ಶಿವಗಂಗಾ: ಪಾಠ ಶುರುವಾಗಿಲ್ಲ. ಕಾವ್ಯಾ: ಪಾಠ ಶುರುವಾಗಿಲ್ಲ.

ಶಿವರಾಜ: ‘ಶಹಬ್ಬಾಸ್! ಅ ಆ ಇ ಈ ಮುಗಿಸಿದ್ದೀರಿ. ಎರಡರ ಮಗ್ಗಿಗೆ ಕುಣಿತ ಚೆನ್ನಾಗಿದೆ. ಮಧ್ಯಾಹ್ನದ ಪಾಠದಲ್ಲಿ ಗೊರಕೆ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಗಂಡನನ್ನು ಬೈಯುವ ವಾಕ್ಯಗಳನ್ನು ಪದೇ ಪದೇ ಕೇಳಿದ್ದೀರಿ. ಒಂದನೇ ತರಗತಿಗೆ ಸೇರಲು ಯೋಗ್ಯರು.’

ನಗೆಗೆ ಸಭಾಂಗಣದ ಫ್ಯಾನುಗಳೇ ಅಲುಗಾಡಿದವು.

“ಸರ್, ನೀವು ಒಬ್ಬರೇ ಕಲಿತಂಗಿದೆ,” ಎಂದರು ಅಧಿಕಾರಿ.

“ಇಲ್ರೀ ಸರ್! ನಮ್ಮವ್ವ ಓದ್ತಾಳ್ರಿ. ಬೇಕಾದ್ರ ಈಗ ಕೇಳ್ರಿ.” ಬೆವರುತ್ತಲೇ ಮಾಸ್ತರರು ಮನೆಗೆ ವಿಡಿಯೋ ಕರೆ ಹಚ್ಚಿದರು. ಪಟ್ಟವೀಗ ತಾಯಿಯ ನಾಲಿಗೆಯ ಮೇಲಿತ್ತು. ವೀರಭದ್ರಮ್ಮನ ಮುಖ ಪರದೆಯ ತುಂಬ ಬಂತು. ಅಧಿಕಾರಿ ಕೈಗೆ ಸಿಕ್ಕಿದ್ದನ್ನು, ಅಂದರೆ ಮಾಸ್ತರರ ಕೊರಳಲ್ಲಿದ್ದ ಹೆಸರಿನ ಚೀಟಿಯನ್ನು, ಕ್ಯಾಮೆರಾಕ್ಕೆ ಹಿಡಿದರು.

“ಇದನ್ನ ಓದಿ ಅಮ್ಮ.”

“ಶಿ... ವ... ರಾ... ಜ. ನಮ್ಮ ಹುಡುಗ! ತಂ... ದೆ...” ಆಮೇಲೆ ವೀರಭದ್ರಮ್ಮನ ತುಟಿಗಳು ಸದ್ದಿಲ್ಲದೆ ಅಲುಗಿದವು. ತಟ್ಟನೆ ಸೆರಗು ತಲೆಯ ಮೇಲೆ ಬಂತು. ನೋಟ ನೆಲಕ್ಕಿಳಿಯಿತು.

“ಮುಂದೆ ಅಮ್ಮ?”

“ಅದೊಂದು ನೀವ ಓದ್ಕೋರಿ ಯಪ್ಪಾ.”

“ಬರಲ್ಲ ಅಂತ ಕಾಣುತ್ತೆ,” ಎಂದು ಅಧಿಕಾರಿ ಚೀಟಿ ಇಳಿಸಿದರು. ಮಾಸ್ತರರಿಗೆ ಸೆರಗು ನೋಡಿದ ಕ್ಷಣವೇ ಎಲ್ಲ ಹೊಳೆದಿತ್ತು. ಆದರೆ ಹೇಳಿದರೆ, ಪೂರಾ ಹೆಸರು ಬರೆದ ತಮ್ಮ ಶಿಸ್ತಿನ ಮಾನವೂ ಜೊತೆಗೇ ಹೋಗುತ್ತಿತ್ತು. ಅವರು ಮೈಕಿನ ವೈರು ಸರಿಮಾಡತೊಡಗಿದರು.

ಹಿಂದಿನ ಸಾಲಿನಿಂದ ದೇವದುರ್ಗದ ಹನುಮಂತಮ್ಮ ಟೀಚರು ಎದ್ದು ನಿಂತರು. “ಬರಂಗಿಲ್ಲ ಅಲ್ರೀ ಸಾಹೇಬ್ರ, ಬಂದದ! ಅದು ಆಕಿ ಗಂಡನ ಹೆಸರು. ಓದಾಕ ಬರದಿದ್ರ ಸೆರಗು ಯಾಕ ಹೊದ್ಕೋತಿದ್ಲು? ಏನ್ರೀ ಮಾಸ್ತರ, ಆ ಯಂತ್ರ ತೆರಿಯಾಕೂ ಗಂಡನ ಹೆಸರ ಇಟ್ಟೀರೇನು?”

ಮಾಸ್ತರರು ತಲೆಯಾಡಿಸಿದರು. ಈ ಸಲ ನಕ್ಕವರಲ್ಲಿ ಹೆಂಗಸರದೇ ದನಿ ಜೋರು. ಪರದೆಯ ಮೇಲೆ ವೀರಭದ್ರಮ್ಮನೂ ಸೆರಗಿನೊಳಗೆ ನಗುತ್ತಿದ್ದರು. ಅಪ್ಪನ ಹೆಸರನ್ನು ಅವ್ವ ಕಣ್ಣಲ್ಲೇ ಓದಿದ್ದನ್ನು ತಾನು ಮೊದಲ ಸಲ ನೋಡಿದೆ ಎಂದು ಮಾಸ್ತರರಿಗೆ ಆಗ ಅನಿಸಿತು.

“ಸಂಪನ್ಮೂಲ ವ್ಯಕ್ತಿ ವಿಚಾರ ಮುಂದಿನ ವರ್ಷ ನೋಡೋಣ ಸರ್,” ಎಂದರು ಅಧಿಕಾರಿ, ಕಣ್ಣೊರೆಸಿಕೊಳ್ಳುತ್ತ. “ಅಮ್ಮನಿಗೆ ಪೂರ್ತಿ ಅಂಕ. ಕಲಿಸಿದ್ದಕ್ಕೆ ನಿಮಗೆ ನೀವೇ ಎಷ್ಟು ಕೊಟ್ಕೋತೀರಿ?”

ಮಾಸ್ತರರು ಲೆಕ್ಕದಲ್ಲಿ ಸುಳ್ಳು ಹೇಳುವವರಲ್ಲ. ಮೈಕಿನಲ್ಲೇ ಹೇಳಿದರು:

“ಚಾರ್ಜು ಹಾಕಿದ್ದು ನಾನ ಅಲ್ಲೇನ್ರಿ ಸರ್. ಅದಕ್ಕ, ನೂರಕ್ಕ ನಾಕು.”