ನಾಲ್ಕೂಮುಕ್ಕಾಲರ ಬಾಳೂರು ಬಸ್ಸು ಮತ್ತು ನಮ್ಮ ಹೆಡ್ ಕೋಚ್ ಮಾವ

ನನ್ನ ಸೋದರಮಾವ ಮೂಡಿಗೆರೆಯ ಕಾಲೇಜೊಂದರಲ್ಲಿ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡಕ್ಕೆ ಹೆಡ್ ಕೋಚ್ ಆಗಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ನಾನು ಆ ತಂಡ ಸೇರುವ ಹೊತ್ತಿಗೆ ಅವರಿಗೆ ಒಂಬತ್ತು ವರ್ಷದ ಸರ್ವೀಸು. ಒಂಬತ್ತು ವರ್ಷದಲ್ಲಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ ಎಂದರೆ ನೀವು ಅಯ್ಯೋ ಪಾಪ ಎನ್ನುತ್ತೀರಿ. ಅದೇನು ದೊಡ್ಡ ಸುದ್ದಿಯಲ್ಲ, ಗೆಲ್ಲದ ಕೋಚುಗಳು ಊರೂರಲ್ಲಿ ಸಿಗುತ್ತಾರೆ. ನಮ್ಮ ಮಾವನ ವಿಶೇಷವೇನೆಂದರೆ, ಅವರ ತಂಡ ಒಂದು ಪಂದ್ಯವನ್ನು ಸರಿಯಾಗಿ ಸೋತೂ ಇರಲಿಲ್ಲ! ಸರಿಯಾಗಿ ಸೋಲಬೇಕಾದರೆ ಆಟ ಮುಗಿಯಬೇಕಲ್ಲ? ಮಾವ ಕೋಚ್ ಆದ ಮೇಲೆ ಅವರ ತಂಡ ಆಡಿದ ಒಂದು ಆಟವೂ ಮುಗಿದಿರಲಿಲ್ಲ.

ಅವರು ಕೋಚ್ ಆದದ್ದು ಹೇಗೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಾವ ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತಿದ್ದವರು. ಯಾರೋ ಎಸ್ಟೇಟ್ ಸಾಹುಕಾರರು ಕಾಲೇಜಿಗೆ ಎರಡು ಬಾಸ್ಕೆಟ್‌ಬಾಲ್ ಕಂಬಗಳನ್ನು ದಾನ ಕೊಟ್ಟರು. ಕಂಬ ನೆಟ್ಟಾಯಿತು, ನೆಲಕ್ಕೆ ಸಿಮೆಂಟು ಹಾಕಿದ್ದಾಯಿತು. ಈಗ ಆಡಿಸುವವರು ಯಾರು? ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರನ್ನೂ ಒಮ್ಮೆ ಎದ್ದು ನಿಲ್ಲಲು ಹೇಳಿದರು. ಆರಡಿ ಎರಡಂಗುಲದ ನಮ್ಮ ಮಾವನ ತಲೆ ಎಲ್ಲರಿಗಿಂತ ಮೇಲೆ ಕಂಡಿತು. "ನೀವೇ ನೋಡ್ಕೊಳ್ಳಿ" ಎಂದರು. ಆಯ್ಕೆ ಅಷ್ಟರಲ್ಲಿ ಮುಗಿಯಿತು.

ಮಾವ ಅದುವರೆಗೆ ಆ ಚೆಂಡನ್ನು ಮುಟ್ಟಿ ನೋಡಿದವರಲ್ಲ. ಆದರೆ ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವರೂ ಅಲ್ಲ. ಆಟದ ನಿಯಮಗಳ ಪುಸ್ತಕ ತರಿಸಿ, ಕಂಪನಿ ಕಾನೂನು ಓದುವ ಹಾಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಓದಿದರು. ತಮ್ಮ ಕೋಣೆಯ ಬಾಗಿಲಿಗೆ 'ಹೆಡ್ ಕೋಚ್' ಎಂದು ಬೋರ್ಡು ಬರೆಸಿ ಹಾಕಿದರು.

"ಹೆಡ್ ಅಂದ್ರೆ ಕೆಳಗೆ ಯಾರಾದ್ರೂ ಇರ್ಬೇಕಲ್ರೀ?" ಎಂದು ನಮ್ಮತ್ತೆ ಕೇಳಿದರು.

"ಇದ್ದೀನಲ್ಲ, ನಾನೇ" ಎಂದರು ಮಾವ.

ಗಂಡು ಹುಡುಗರು ಯಾರೂ ಆ ಕಂಬದ ಹತ್ತಿರ ಸುಳಿಯಲಿಲ್ಲ. ಅವರಿಗೆ ಕ್ರಿಕೆಟ್ಟು ಬಿಟ್ಟರೆ ಕಬಡ್ಡಿ. ಹಾಗಾಗಿ ಹೆಣ್ಣುಮಕ್ಕಳ ತಂಡ. ಆದರೆ ಹೆಣ್ಣುಮಕ್ಕಳನ್ನು ಆಟಕ್ಕೆ ಸೇರಿಸಬೇಕಾದರೆ ಅವರ ಮನೆಗೆ ಹೋಗಿ ಕೇಳಬೇಕು. ಮಾವ ಪ್ರತಿ ವರ್ಷ ಮಳೆ ಸ್ವಲ್ಪ ಕಡಿಮೆಯಾದ ಕೂಡಲೇ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕೊಡೆ ಹಿಡಿದು ಹೊರಡುತ್ತಿದ್ದರು. ಮನೆಯೊಳಗೆ ಹೋಗಿ ಕುಳಿತು, "ಹುಡುಗೀನ ಒಂದ್ಸಲ ಕರೀರಿ" ಎನ್ನುವುದು. ಅವಳು ಬಂದು ನಿಂತರೆ ಬಾಗಿಲ ಚೌಕಟ್ಟಿಗೂ ಅವಳ ತಲೆಗೂ ಎಷ್ಟು ಅಂತರ ಎಂದು ಕಣ್ಣಲ್ಲೇ ಅಳೆಯುವುದು. ಈ ವೈಖರಿಯಲ್ಲಿ ಬಂದವರನ್ನು ಮಲೆನಾಡಿನ ಯಾವ ಮನೆಯವರು ತಾನೇ ಕೋಚ್ ಎಂದುಕೊಳ್ಳುತ್ತಾರೆ ಹೇಳಿ! ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲವೂ ಬರುತ್ತಿತ್ತು. ಮಾವ ಮೊದಲು ಅದನ್ನು ಮುಗಿಸಿ ಆಮೇಲೆ ವಿಷಯಕ್ಕೆ ಬರುತ್ತಿದ್ದರು. ಗೋಣಿಬೀಡಿನ ಮನೆಯೊಂದರಲ್ಲಿ ಅಜ್ಜಿ ತಡೆಯಲಾರದೆ ಕೇಳಿಯೇ ಬಿಟ್ಟಿತು.

"ಹುಡುಗ ಏನು ಮಾಡ್ಕೊಂಡಿದ್ದಾನೆ?"

"ಹುಡುಗ ಇಲ್ಲ ಅಮ್ಮಾ. ಚೆಂಡು ಇದೆ."

ಆ ಮನೆಯವರು ಮುಂದಿನ ಸಲ ಬರಿಯ ಕಾಫಿ ಕೊಟ್ಟರು. ಆದರೆ ಹುಡುಗಿಯನ್ನು ಕಳಿಸಿದರು.

ಎಲ್ಲ ಮನೆಗಳಲ್ಲೂ ಕೊನೆಗೆ ಬರುತ್ತಿದ್ದ ಪ್ರಶ್ನೆ ಒಂದೇ, ಬಸ್ಸಿನದು. ನಮ್ಮ ಕಡೆ ಸಂಜೆಯ ಬಸ್ಸು ತಪ್ಪಿತೆಂದರೆ ಮಾರನೆಯ ಬೆಳಗಿನವರೆಗೆ ಬೇರೆ ಗತಿಯಿಲ್ಲ. ಬಾಳೂರಿನ ಸುಜಾತಳ ಅಪ್ಪ ಎಸ್ಟೇಟಿನಲ್ಲಿ ರೈಟರು, ಕೂಲಿಯವರ ಹಾಜರಿ ಬರೆಯುವ ಕೆಲಸ. ಮಾತು ಕಡಿಮೆ. ಅವರು ಮಾವನ ಮುಖವನ್ನೇ ನೋಡುತ್ತ, "ಆಟ ಅಂತ ನಿಂತು ಕೊನೇ ಬಸ್ಸು ತಪ್ಪಿದ್ರೆ ಏನ್ ಮಾಡೋದು ಸಾರ್?" ಎಂದರು.

"ತಪ್ಪಲ್ಲ. ನಾನೇ ನಿಂತು ಹತ್ತಿಸ್ತೀನಿ" ಎಂದರು ಮಾವ.

ಇದೇ ಮಾತನ್ನು ಮಾವ ಎಲ್ಲ ಅಪ್ಪಂದಿರಿಗೂ ಕೊಟ್ಟಿದ್ದರು. ಒಂಬತ್ತು ವರ್ಷವಾದರೂ ಆಟಗಳು ಮುಗಿಯದ ಗುಟ್ಟು ಇಲ್ಲಿದೆ ನೋಡಿ.

ನಮ್ಮ ತಂಡದಲ್ಲಿ ಸರಿಯಾಗಿ ಐದು ಜನ. ಬದಲಿ ಆಟಗಾರ್ತಿ ಎಂಬ ಪ್ರಾಣಿಯನ್ನು ನಾವು ಪುಸ್ತಕದಲ್ಲಿ ಮಾತ್ರ ಕಂಡಿದ್ದು. ಗೋಣಿಬೀಡಿನವರು ಇಬ್ಬರು, ಜಾವಳಿಯವಳು ಒಬ್ಬಳು, ಬಾಳೂರಿನ ಸುಜಾತ, ಮತ್ತು ಮೂಡಿಗೆರೆ ಪೇಟೆಯಲ್ಲೇ ಮನೆಯಿದ್ದ ನಾನು. ಪಾಠ ಬಿಟ್ಟ ಮೇಲೆಯೇ ಆಟ ಎಂದು ಪ್ರಿನ್ಸಿಪಾಲರ ಕಟ್ಟಪ್ಪಣೆ, ಆದ್ದರಿಂದ ಪಂದ್ಯ ಶುರುವಾಗುತ್ತಿದ್ದದ್ದು ಮೂರೂವರೆಗೆ. ನಾಲ್ಕಕ್ಕೆ ಗೋಣಿಬೀಡು ಬಸ್ಸು ಕಾಲೇಜಿನ ಗೇಟಿಗೆ ಬಂದು ಹಾರನ್ ಹೊಡೆಯುತ್ತಿತ್ತು, ಇಬ್ಬರು ಹೊರಟರು. ನಾಲ್ಕೂಕಾಲಿಗೆ ಜಾವಳಿ ಬಸ್ಸು, ಇನ್ನೊಬ್ಬಳು ಹೋದಳು. ನಾಲ್ಕೂಮುಕ್ಕಾಲಿಗೆ ಬಾಳೂರು ಬಸ್ಸು, ಸುಜಾತಳೂ ಹೋದಳು. ಆಟ ಮುಗಿಯಲು ಇನ್ನೂ ನಾಲ್ಕೈದು ನಿಮಿಷ ಇರುವಾಗ ಎದುರು ತಂಡದ ಐವರ ಮುಂದೆ ನಾನೊಬ್ಬಳೇ ನಿಂತಿರುತ್ತಿದ್ದೆ.

ಭಾನುವಾರ ಆಡಿಸಬಹುದಿತ್ತಲ್ಲ ಎನ್ನುತ್ತೀರಾ? ಕಾಲೇಜಿಲ್ಲದ ದಿನ ಹುಡುಗಿಯರು ಮನೆ ಬಿಟ್ಟು ಹೊರಡುವುದು ಆಗಿನ ಮಾತಲ್ಲ.

ತಂಡದಲ್ಲಿ ಇಬ್ಬರು ಉಳಿದಿರುವವರೆಗೆ ಆಟ ನಡೆಯಬಹುದು, ಒಬ್ಬರೇ ಉಳಿದರೆ ಆ ತಂಡ ಸೋತಂತೆ ಎಂದು ನಿಯಮ. ಮಾವ ಪುಸ್ತಕದಲ್ಲಿ ಇದಕ್ಕೆ ಎರಡು ಗೆರೆ ಎಳೆದಿದ್ದರು. ಬೇರೆ ಕೋಚುಗಳ ನೋಟ್‌ಬುಕ್ಕಿನಲ್ಲಿ ಆಟಗಾರರು ಎಲ್ಲಿ ನಿಲ್ಲಬೇಕೆಂಬ ಚಿತ್ರಗಳಿದ್ದರೆ ಮಾವನ ನೋಟ್‌ಬುಕ್ಕಿನಲ್ಲಿ ಬಸ್ಸಿನ ವೇಳಾಪಟ್ಟಿ ಅಂಟಿಸಿತ್ತು. ಅದರ ಕೆಳಗೆ ಅವರ ಅಕ್ಷರದಲ್ಲೇ ಯೋಜನೆ: "ಗೋಣಿಬೀಡು ಬಸ್ಸಿನವರೆಗೆ ಅಟ್ಯಾಕ್. ಜಾವಳಿ ಬಸ್ಸಿನ ನಂತರ ಡಿಫೆನ್ಸ್. ಬಾಳೂರು ಬಸ್ಸಿನ ನಂತರ ದೇವರು."

ಒಮ್ಮೆ ಗೋಣಿಬೀಡಿನವಳೊಬ್ಬಳು ದೂರದಿಂದ ಚೆಂಡನ್ನು ಬುಟ್ಟಿಯತ್ತ ಎಸೆಯುವುದಕ್ಕೂ ಹಾರನ್ ಆಗುವುದಕ್ಕೂ ಸರಿಹೋಯಿತು. ಚೆಂಡು ಗಾಳಿಯಲ್ಲಿದ್ದಾಗಲೇ ಅವಳು ಬ್ಯಾಗು ಎತ್ತಿಕೊಂಡು ಓಡಿದಳು. ಬಸ್ಸಿನ ಮೆಟ್ಟಿಲಿಂದ ತಿರುಗಿ, "ಬಿತ್ತಾ?" ಎಂದು ಕೂಗಿದಳು. ನಾವು ಉತ್ತರ ಕೊಡುವ ಮೊದಲೇ ಕಂಡಕ್ಟರು, "ಬಿತ್ತು ಬಿತ್ತು, ಒಳಗೆ ಹೋಗಿ" ಎಂದ. ಬಿದ್ದಿರಲಿಲ್ಲ.

ಮಾವ ಕೈಕಟ್ಟಿ ಕೂತಿದ್ದರು ಎಂದುಕೊಳ್ಳಬೇಡಿ. ಪಂದ್ಯದ ದಿನ ಬಸ್ಸನ್ನು ಹತ್ತೇ ಹತ್ತು ನಿಮಿಷ ತಡಮಾಡಿ ಬಿಡಿ ಎಂದು ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಬರೆದು ಬಾಳೂರು ಬಸ್ಸಿನ ಡ್ರೈವರಿಗೆ ಖುದ್ದಾಗಿ ಕೊಟ್ಟರು. ಅವನು ಅದನ್ನು ತಲೆಕೆಳಗಾಗಿ ಹಿಡಿದು ನೋಡಿ ಹೇಳಿದ, "ಸಾರ್, ಈ ಬಸ್ಸಲ್ಲಿ ಆಸ್ಪತ್ರೆಯಿಂದ ಬರೋರು, ಸ್ಕೂಲ್ ಟೀಚರು, ಸಂತೆಗೆ ಬಂದೋರು, ಎಲ್ಲಾ ಸೇರಿ ಅರವತ್ತು ಜನ ಇರ್ತಾರೆ. ಅವರನ್ನೆಲ್ಲ ಏನ್ ಮಾಡ್ಲಿ?"

ಮಾವ ಬಸ್ಸಿನೊಳಗೆ ಒಮ್ಮೆ ಇಣುಕಿ, "ಎತ್ತರ ಇರೋರು ಯಾರಾದ್ರೂ ಇದ್ದಾರಾ?" ಎಂದರು.

ಒಂದು ಸಲವಾದರೂ ಐದು ಹುಡುಗಿಯರೂ ಕೊನೆಯ ವಿಷಲ್ ತನಕ ಕೋರ್ಟಿನಲ್ಲಿ ಇರುವುದನ್ನು ನೋಡಬೇಕು ಎಂಬುದು ಮಾವನ ಒಂದೇ ಆಸೆ. ಅದನ್ನು ಅವರು ನಮಗೆ ಹೇಳಿದವರಲ್ಲ. ಅತ್ತೆ ಹೇಳುತ್ತಿದ್ದರು, "ನಿದ್ದೇಲಿ ಐದು ಐದು ಅಂತಾರೆ ಮಾರಾಯ್ತಿ. ನಾನು ಮೊದಮೊದಲು ಅಲಾರಂ ಇಡೋಕೆ ಹೇಳ್ತಿದ್ದಾರೆ ಅಂದ್ಕೊಂಡಿದ್ದೆ."

ನಾವು ಎರಡನೇ ವರ್ಷದಲ್ಲಿದ್ದಾಗ ಕಡೂರು ಕಡೆಯ ಒಂದು ಕಾಲೇಜಿನ ತಂಡ ಬಂತು. ಬಯಲುಸೀಮೆಯ ಆ ಹುಡುಗಿಯರಿಗೆ ನಮ್ಮ ರಸ್ತೆಯ ತಿರುವುಗಳು ಹೊಟ್ಟೆ ತೊಳಸಿಬಿಟ್ಟಿದ್ದವು. ಮೊದಲ ಅರ್ಧಗಂಟೆ ಅವರಿಗೆ ಚೆಂಡು ಎರಡೆರಡಾಗಿ ಕಾಣುತ್ತಿತ್ತೇನೋ. ಗೋಣಿಬೀಡು ಬಸ್ಸು ಬರುವುದರೊಳಗೆ ನಾವು ಇಪ್ಪತ್ತು ಪಾಯಿಂಟು ಮುಂದಿದ್ದೆವು! ಆಮೇಲೆ ಅವರು ನಿಂಬೆಹಣ್ಣು ಮೂಸಿ ಚೇತರಿಸಿಕೊಂಡರು. ನಮ್ಮವರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು. ಕೊನೆಗೆ ಸುಜಾತ ಮತ್ತು ನಾನು, ಎದುರಿಗೆ ಐದು ಜನ. ಆದರೂ ನಾವು ಮೂರು ಪಾಯಿಂಟು ಮುಂದೆ, ಉಳಿದದ್ದು ನಾಲ್ಕೇ ನಿಮಿಷ. ಆಗ ಗೇಟಿನಲ್ಲಿ ಬಾಳೂರು ಬಸ್ಸಿನ ಹಾರನ್ ಆಯಿತು.

ಸುಜಾತ ಕದಲಲಿಲ್ಲ. "ನಾನು ಇವತ್ತು ಹೋಗಲ್ಲ ಸಾರ್" ಎಂದಳು.

ಕೋರ್ಟಿನ ಗೆರೆಯೊಳಗೆ ಮಾವನನ್ನು ಸಾರ್ ಎಂದೇ ಕರೆಯಬೇಕೆಂದು ನನಗೆ ತಾಕೀತಾಗಿತ್ತು. ಅದನ್ನೆಲ್ಲ ಮರೆತು, "ಮಾವ, ಇವತ್ತೊಂದಿನ ನಮ್ಮನೇಲಿರ್ಲಿ ಮಾವ! ನಾಲ್ಕೇ ನಿಮಿಷ!" ಎಂದು ಕೂಗಿದೆ.

ಮಾವ ಸ್ಕೋರ್ ಬೋರ್ಡು ನೋಡಿದರು, ಗಡಿಯಾರ ನೋಡಿದರು. ಇನ್ನೊಂದು ಸಲ ಸ್ಕೋರ್ ಬೋರ್ಡು ನೋಡಿದರು. ಸುಜಾತ ನಿಂತರೆ, ಐವರಿಲ್ಲದಿದ್ದರೂ ಆಟ ಮುಗಿಯುತ್ತಿತ್ತು, ಅದೂ ಗೆದ್ದು.

"ಅವರಪ್ಪ ರಸ್ತೇಲಿ ಬಂದು ನಿಂತಿರ್ತಾರೆ ಮಾರಾಯ್ತಿ" ಎಂದರು. "ಆ ಕಡೆ ಫೋನೂ ಇಲ್ಲ. ಬಸ್ಸು ಬಂದು, ಮಗಳು ಇಳೀದೇ ಇದ್ರೆ ಅವರು ಏನಂತ ತಿಳ್ಕೊಬೇಕು?"

ಸುಜಾತಳ ಬ್ಯಾಗನ್ನು ತಾವೇ ಎತ್ತಿಕೊಂಡು ಹೋಗಿ ಅವಳನ್ನು ಬಸ್ಸು ಹತ್ತಿಸಿದರು. ಅಳುತ್ತಿದ್ದ ಅವಳಿಗೆ ಕಿಟಕಿ ಪಕ್ಕದ ಸೀಟು ಕೊಡಿಸಿದರು. ವಾಪಸು ಬಂದು ರೆಫರಿಗೆ ತಲೆಯಾಡಿಸಿದರು. ರೆಫರಿ ವಿಷಲ್ ಊದಿ ಎದುರು ತಂಡದ ಕಡೆ ಕೈ ಎತ್ತಿದರು. ಕಡೂರಿನ ಹುಡುಗಿಯರಿಗೆ ತಾವು ಹೇಗೆ ಗೆದ್ದೆವೆಂಬುದೇ ಅರ್ಥವಾಗಲಿಲ್ಲ.

ನಾನು ಚೆಂಡನ್ನು ನೆಲಕ್ಕೆ ಅಪ್ಪಳಿಸಿ, "ನೀವು ಕೋಚೇ ಅಲ್ಲ, ಬರೀ ಕಂಡಕ್ಟರ್" ಎಂದುಬಿಟ್ಟೆ.

ಮಾವ ಸ್ಕೋರ್ ಶೀಟಿಗೆ ಸಹಿ ಹಾಕುತ್ತ, ತಲೆ ಎತ್ತದೆ, "ಕಂಡಕ್ಟರು ಬಸ್ಸಿನ ಜೊತೆ ಹೋಗ್ತಾನೆ. ನಾನು ಹೋಗಲ್ಲ" ಎಂದರು.

ಆ ಸಂಜೆ ಅವರು ಊಟ ಮಾಡಲಿಲ್ಲವೆಂದು ಆಮೇಲೆ ಅತ್ತೆ ಹೇಳಿದರು. ನನಗೆ ಆಗ ಹದಿನೆಂಟು ವರ್ಷ, ಪಶ್ಚಾತ್ತಾಪ ಪಡುವ ವಯಸ್ಸಲ್ಲ. ಈಗ ನೆನೆದರೆ ಆ ಮಾತಿಗೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳಬೇಕೆನಿಸುತ್ತದೆ.

ಸೋಮವಾರ ಬೆಳಗಿನ ಬಸ್ಸಿನಲ್ಲಿ ಸುಜಾತಳ ಜೊತೆ ಅವಳಪ್ಪನೂ ಇಳಿದರು. ಎಸ್ಟೇಟಿಗೆ ರಜೆ ಹಾಕಿ ಬಂದಿದ್ದರು. ಮಾವ ಅವರನ್ನು ಕಂಡವರೇ ಏನೋ ಅನಾಹುತವಾಗಿದೆಯೆಂದು ಎದ್ದು ನಿಂತರು.

"ಗೆಲ್ಲೋ ಆಟ ಬಿಟ್ಟು ಹತ್ತಿಸಿದ್ರಂತೆ" ಎಂದರು ರೈಟರು.

"ನಾಲ್ಕೂಮುಕ್ಕಾಲಾಗಿತ್ತು" ಎಂದರು ಮಾವ.

ರೈಟರು ಸ್ವಲ್ಪ ಹೊತ್ತು ಕೊಡೆಯ ತುದಿಯಿಂದ ನೆಲ ಕೆದಕಿದರು. "ಇನ್ನು ಆಟ ಇದ್ದ ದಿನ ಇವಳು ನಿಮ್ಮನೇಲೇ ಇರ್ಲಿ ಸಾರ್. ಬೆಳಿಗ್ಗೆ ಬಸ್ಸಿಗೆ ಕಳ್ಸಿ, ಸಾಕು. ಗೋಣಿಬೀಡಿನೋರಿಗೂ ಜಾವಳಿಯೋರಿಗೂ ನಾನೇ ಹೋಗಿ ಹೇಳಿ ಬರ್ತೀನಿ." ಅವತ್ತಿನ ಅವರ ರಜೆ ಅದಕ್ಕೇ ಎಂದು ಆಗ ತಿಳಿಯಿತು.

ರೈಟರು ಬೇಡವೆಂದರೂ ಕೇಳದೆ ಮಾವ ಅವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಉಪ್ಪಿಟ್ಟು ಕೊಡಿಸಿದರು.

ಮುಂದಿನ ಪಂದ್ಯದ ಹೊತ್ತಿಗೆ ನಾಲ್ಕು ಹುಡುಗಿಯರ ಬಟ್ಟೆಯ ಚೀಲಗಳು ಮಾವನ ಮನೆಯ ಜಗುಲಿಯಲ್ಲಿದ್ದವು. ಅತ್ತೆ ಬೆಳಿಗ್ಗೆಯೇ ಕಡುಬಿಗೆ ಅಕ್ಕಿ ನೆನೆಹಾಕಿದ್ದರು. ನಾಲ್ಕಕ್ಕೆ ಹಾರನ್ ಆಯಿತು. ಗೋಣಿಬೀಡಿನವರಿಬ್ಬರೂ ಅಭ್ಯಾಸಬಲದಿಂದ ಗೇಟಿನ ಕಡೆ ನಾಲ್ಕು ಹೆಜ್ಜೆ ಓಡಿದರು, ಅಷ್ಟರಲ್ಲಿ ಎದುರು ತಂಡ ಒಂದು ಬುಟ್ಟಿ ಹಾಕಿತು. ಬೆಂಚಿನ ಮೇಲಿದ್ದ ಮಾವನೂ ಅರ್ಧ ಎದ್ದು ಮತ್ತೆ ಕುಳಿತರು. ಜಾವಳಿ ಬಸ್ಸಿಗೂ ಇದೇ ಕಥೆ. ಅದಕ್ಕಿಂತ ದೊಡ್ಡ ತೊಂದರೆಯೊಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮಲ್ಲಿ ಮೂವರಿಗೆ ಎರಡನೇ ಹಾಫ್ ಆಡಿ ಗೊತ್ತೇ ಇರಲಿಲ್ಲ! ನಾಲ್ಕೂವರೆಗೆ ಕಾಲುಗಳು ನಿಂತೇ ಹೋದವು. ಚೆಂಡು ಪಕ್ಕದಲ್ಲೇ ಹೋದರೂ ನಾವು ಅದನ್ನು ಮರ್ಯಾದೆಯಿಂದ ನೋಡುತ್ತಿದ್ದೆವು. ಬಾಳೂರು ಬಸ್ಸು ಹಾರನ್ ಹೊಡೆದು, ಯಾರೂ ಬಾರದ್ದನ್ನು ಕಂಡು ಮತ್ತೊಮ್ಮೆ ಹೊಡೆದು, ಹೊರಟುಹೋಯಿತು.

ಕೊನೆಯ ವಿಷಲ್ ಆದಾಗ ನಾವು ಮೂವತ್ತೊಂದು ಪಾಯಿಂಟಿನಿಂದ ಸೋತಿದ್ದೆವು.

ತಲೆ ತಗ್ಗಿಸಿ ನಿಂತಿದ್ದ ನಮ್ಮ ಹತ್ತಿರ ಮಾವ ಬಂದರು. ಬೆರಳು ಮಾಡಿ ಒಬ್ಬೊಬ್ಬರನ್ನೇ ಎಣಿಸಿದರು. ನನ್ನ ಹತ್ತಿರ ಬಂದು, "ಐದು" ಎಂದವರು, ಕನ್ನಡಕ ತೆಗೆದು ಅಳುವುದಕ್ಕೆ ಶುರುಮಾಡಿದರು. ನಮ್ಮ ಮಾವ ಅತ್ತದ್ದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಎದುರು ತಂಡದ ಕೋಚ್ ಓಡಿಬಂದು ಅವರ ಬೆನ್ನು ಸವರಿದರು.

"ಬೇಜಾರ್ ಮಾಡ್ಕೋಬೇಡಿ ಸಾರ್, ಮುಂದಿನ ಸಲ ಗೆಲ್ತೀರಿ."

"ಇಲ್ಲ ಇಲ್ಲ" ಎಂದರು ಮಾವ, ಅಳುತ್ತಲೇ. "ಎಲ್ಲರೂ ಇದ್ದಾರೆ ಸಾರ್. ನೋಡಿ, ಎಲ್ಲರೂ ಇನ್ನೂ ಇಲ್ಲೇ ಇದ್ದಾರೆ."